ಸ್ವಾಮಿ ತೂರಾಡಿದ ಎಂಟು ದಿನ

ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ತಲೆನೋವಾಗಿದೆ. "ಮನುಷ್ಯನ ಮಿದುಳು ಹೆಚ್ಚುಕಮ್ಮಿ ಒಂದೂಕಾಲು ಕೇಜಿ ತೂಗುತ್ತದೆ" ಎಂದು ಬರೆದೆ. ಓದಿದರೆ ನನಗೇ ಆಕಳಿಕೆ ಬಂತು. ಹೊಡೆದುಹಾಕಿ "ಕುಡಿತ ಸಂಸಾರಕ್ಕೆ ಶತ್ರು" ಎಂದು ಬರೆದೆ. ಅದು ಬಸ್‌ಸ್ಟ್ಯಾಂಡಿನ ಗೋಡೆಯ ಮೇಲಿನ ಬರಹದಂತಿತ್ತು. ಅದರ ಕೆಳಗೇ ಯಾರಾದರೂ ಕುಡಿದು ಮಲಗಿರುತ್ತಾರಲ್ಲ, ಅಂಥ ಬರಹ. ಅದನ್ನೂ ಹೊಡೆದುಹಾಕಿದೆ.

ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಇದು ಕಥೆಯಾಗಬೇಕಾದದ್ದೇ ಅಲ್ಲ. ಪಿರಿಯಾಪಟ್ಟಣದ ನನ್ನ ಗೆಳೆಯ ಶಶಿ ಹಳ್ಳಿಗಳಲ್ಲಿ ಹಂಚಲು ಒಂದು ಪುಸ್ತಿಕೆ ತರುತ್ತಿದ್ದಾನೆ. ಮದ್ಯ ಮಿದುಳಿಗೆ ಏನು ಮಾಡುತ್ತದೆ ಅನ್ನುವುದನ್ನು ಸರಳವಾಗಿ ನಾಲ್ಕು ಪುಟದಲ್ಲಿ ಬರೆದುಕೊಡು, ಉಪದೇಶ ಬೇಡ, ಒಂದು ಉದಾಹರಣೆ ಇರಲಿ ಎಂದ. ಕಥೆ ಬರೆಯುವವನಿಗೆ ನಾಲ್ಕು ಪುಟ ಯಾವ ಲೆಕ್ಕ ಅನ್ನುವ ಜಂಬದಲ್ಲಿ ನಾನೂ ಹೂಂ ಅಂದೆ. ಆ ಹೂಂ ಅಂದು ಈಗ ಐದು ತಿಂಗಳಾಯಿತು.

೧

(ಕೈಬಿಟ್ಟ ಕರಡು. ಕೈಬಿಟ್ಟದ್ದು ತಾನೇ ಎಂದು ಹಾರಿಸಬೇಡಿ, ಮುಂದೆ ಬೇಕಾಗುತ್ತದೆ.)

ಕುಡಿದದ್ದು ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗಲು ಐದು ಹತ್ತು ನಿಮಿಷ ಸಾಕು. ಮೊದಲು ಮಂಕಾಗುವುದು ಹಣೆಯ ಹಿಂದಿನ ಭಾಗ. ಏನು ಆಡಬೇಕು, ಏನು ಆಡಬಾರದು ಎಂದು ನೋಡಿಕೊಳ್ಳುವುದು ಅದೇ. ಆದ್ದರಿಂದ ಎರಡನೇ ಗ್ಲಾಸಿಗೆ ಮಾತು ಸಲೀಸಾಗುತ್ತದೆ, ಮೂರನೆಯದಕ್ಕೆ ಜಗಳ ಸಲೀಸಾಗುತ್ತದೆ. ಆಮೇಲೆ ತಲೆಯ ಹಿಂಬದಿಯಲ್ಲಿ ನಡಿಗೆಯ ಹಿಡಿತ ನೋಡಿಕೊಳ್ಳುವ ಭಾಗದ ಸರದಿ; ಆಗ ಕಾಲು ಒಂದು ಕಡೆ, ಆಳು ಒಂದು ಕಡೆ. ಇನ್ನೂ ಹೆಚ್ಚಾದರೆ ಕಿವಿಯ ನೇರಕ್ಕೆ ಒಳಗಿರುವ, ನಡೆದದ್ದನ್ನು ನೆನಪಾಗಿ ಬರೆದಿಡುವ ಭಾಗ ಕೆಲಸ ನಿಲ್ಲಿಸುತ್ತದೆ. ಬೆಳಿಗ್ಗೆ ಎದ್ದು "ನಾನು ಅಂಗಂದ್ನಾ?" ಎಂದು ಕೇಳುವವನು ನಾಟಕ ಆಡುತ್ತಿರುವುದಿಲ್ಲ. ಅವನ ಮಿದುಳು ಅದನ್ನು ಬರೆದುಕೊಂಡೇ ಇರುವುದಿಲ್ಲ.

ಉದಾಹರಣೆಗೆ, ರಾವಂದೂರು ಹೋಬಳಿಯ ಒಂದು ಊರಿನಲ್ಲಿ ಚೆಲುವರಾಜು ಎಂಬ ಕುಡುಕನಿದ್ದ.

ಇಷ್ಟು ಬರೆದು ಕೈ ಎತ್ತುವಷ್ಟರಲ್ಲಿ ಆ ವಾಕ್ಯದ ಹಿಂದಿನಿಂದ ಒಬ್ಬ ಹೆಂಗಸು ಬಂದು ನಿಂತಳು. ಐವತ್ತರ ಆಸುಪಾಸು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ, ಬೆರಳಿಗೆಲ್ಲ ಹೊಗೆಸೊಪ್ಪಿನ ಅಂಟು. ನಾನು ಅವಳನ್ನು ಕರೆದಿರಲಿಲ್ಲ. ಉದಾಹರಣೆಗೆ ಹೆಂಡತಿ ಇರುತ್ತಾಳೆ ಎಂದು ನನಗೆ ಹೊಳೆದೇ ಇರಲಿಲ್ಲ.

"ಕುಡುಕ ಇದ್ದ ಅಂತ ಬರ್ದಿದ್ದೀರಲ್ಲ ಮೇಷ್ಟ್ರೇ," ಎಂದಳು. "ಅವ್ರು ಇನ್ನೂ ಅವ್ರೆ. ಕುಡ್ಯೋದು ಬುಟ್ಟು ಎಲ್ಡು ವರ್ಸ ಆಯ್ತು."

(ನಾನು ಮೇಷ್ಟರಲ್ಲ. ಪೆನ್ನು ಹಿಡಿದವರೆಲ್ಲ ಅವಳಿಗೆ ಮೇಷ್ಟ್ರೇ. ತಿದ್ದುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.)

ಅವಳ ಹೆಸರು ರುಕ್ಮಿಣಮ್ಮ. ಇಲ್ಲಿಂದ ಮುಂದೆ ಕಥೆ ಅವಳ ಪಕ್ಕದಲ್ಲೇ ನಡೆಯುತ್ತದೆ. ನಾನು ಆದಷ್ಟು ಬಾಯಿ ಮುಚ್ಚಿಕೊಂಡಿರುತ್ತೇನೆ. ಆಗುವುದಿಲ್ಲ ಎಂದು ನಿಮಗೂ ಗೊತ್ತು.

೨

ಚೆಲುವರಾಜು ಹೊಗೆಸೊಪ್ಪಿನ ಕೆಲಸದಲ್ಲಿ ಹೆಸರು ಮಾಡಿದವನು. ಸೌದೆ ಉರಿಸಿ ಸೊಪ್ಪು ಹದ ಮಾಡುವ ಬ್ಯಾರನ್ನಿನಲ್ಲಿ ಬೆಂದು ಇಳಿದ ಎಲೆಗಳನ್ನು ಬಣ್ಣ ನೋಡಿ, ಮುಟ್ಟಿ ನೋಡಿ ಬೇರೆ ಬೇರೆ ಮಾಡುವ ಗ್ರೇಡಿಂಗಿನಲ್ಲಿ ಅವನ ಕೈಗೆ ಸುತ್ತಮುತ್ತ ಸಾಟಿ ಇರಲಿಲ್ಲ. ಸಂಜೆಯಾದರೆ ಅದೇ ಕೈಗೆ ಬಾಟಲಿ ಬೇಕಾಗುತ್ತಿತ್ತು. ಹೀಗೇ ಇಪ್ಪತ್ತಾರು ವರ್ಷ. ದಿನಾ ಬಾಗಿಲ ಚೌಕಟ್ಟು ಹಿಡಿದು ನಿಂತು ಅವನು ಹೇಳುತ್ತಿದ್ದ ಮಾತು ಒಂದೇ: "ಕುಡ್ದಿಲ್ಲ ಕಣಮ್ಮಿ." ವಾಸನೆ ಬೀದಿಯ ಆ ತುದಿಗೆ ಹೊಡೆಯುತ್ತಿದ್ದರೂ ಅದೇ ಮಾತು. ರುಕ್ಮಿಣಮ್ಮ ಮೊದಮೊದಲು ಜಗಳವಾಡಿದಳು, ಆಮೇಲೆ ಅತ್ತಳು, ಆಮೇಲೆ ಆ ಮಾತನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟಳು.

ವರ್ಷದಲ್ಲಿ ಒಂದು ಕಾಲ ಮಾತ್ರ ಬೇರೆ. ಕಾರ್ತಿಕ ಬಂತೆಂದರೆ ಆ ಊರಿನ ಹತ್ತು ಹದಿನೈದು ಗಂಡಸರು ಅಯ್ಯಪ್ಪನ ಮಾಲೆ ಹಾಕುತ್ತಾರೆ. ಕಪ್ಪು ಪಂಚೆ, ಬರಿಗಾಲು, ಎರಡು ಹೊತ್ತು ತಣ್ಣೀರು, ಮಧ್ಯಾಹ್ನ ಒಂದೇ ಊಟ. ಕುಡಿತವನ್ನು ಮುಟ್ಟುವಂತಿಲ್ಲ. ಮಾಲೆ ಕೊರಳಿಗೆ ಬಿದ್ದ ಗಳಿಗೆಯಿಂದ ಆ ಮನುಷ್ಯನಿಗೆ ಹೆಸರಿಲ್ಲ. ಎಲ್ಲರೂ ಸ್ವಾಮಿ ಎನ್ನಬೇಕು, ಕಟ್ಟಿಕೊಂಡ ಹೆಂಡತಿಯೂ. ಕುಡಿಯುವವರ ಹೆಂಡತಿಯರು ಆ ಕಾಲಕ್ಕೆ ಕಾದಿರುತ್ತಾರೆ.

ರುಕ್ಮಿಣಮ್ಮನಿಗೆ ಈ ಸ್ವಾಮಿಯನ್ನು ಕಂಡರೆ ತುಂಬ ಪ್ರೀತಿ. ಇವನು ಬೆಳಗಾಗುವ ಮೊದಲೇ ಏಳುತ್ತಿದ್ದ, ಹಣೆಗೆ ಗಂಧ ಇಡುತ್ತಿದ್ದ, ಅವಳನ್ನು ಹೆಸರು ಹಿಡಿದು ಮೆಲ್ಲಗೆ ಕರೆಯುತ್ತಿದ್ದ. ಮೊದಲ ಮೂರು ದಿನ ಕೈಕಾಲು ಗಡಗಡ ನಡುಗುತ್ತಿದ್ದದ್ದನ್ನು ಊರವರು ಸ್ವಾಮಿ ಮೈಮೇಲೆ ಬಂದದ್ದೆಂದು ಕೈಮುಗಿಯುತ್ತಿದ್ದರು. ಬೆಟ್ಟದಿಂದ ಇಳಿದು ಮಾಲೆ ತೆಗೆದ ದಿನವೇ ಸ್ವಾಮಿ ಹೊರಟುಹೋಗಿ ಚೆಲುವರಾಜು ವಾಪಸ್ ಬರುತ್ತಿದ್ದ.

ಎರಡು ವರ್ಷದ ಹಿಂದೆ, ಮಾಲೆ ಹಾಕಿಸಿಕೊಳ್ಳಲು ಹೊರಟವನು ಹೊಸಿಲ ಮೇಲೆ ನಿಂತು, "ಈ ಸಲ ಮಾಲೆ ತೆಗುದ್ರೂ ಸ್ವಾಮಿ ಅಂಗೇ ಇರ್ತಾನೆ ಕಣಮ್ಮಿ" ಎಂದ. ಅವಳು ನಂಬಲಿಲ್ಲ. ಆದರೂ ಒಳಗೆ ಹೋಗಿ ಅವನ ಇನ್ನೊಂದು ಕಪ್ಪು ಪಂಚೆಯನ್ನು ಮತ್ತೊಮ್ಮೆ ಮಡಿಸಿಟ್ಟಳು.

೩

(ಇದು ಶಶಿಗಾಗಿ. ಅವಸರ ಇರುವವರು ಕೂಡ ಇದೊಂದು ಭಾಗ ಓದಿ.)

ಮಿದುಳಿಗೆ ಒಂದು ಬ್ರೇಕು, ಒಂದು ಆಕ್ಸಿಲರೇಟರು ಇವೆ ಅಂದುಕೊಳ್ಳಿ. ಮದ್ಯ ಬ್ರೇಕನ್ನು ಒತ್ತುತ್ತದೆ. ದಿನಾ ಒತ್ತಿದರೆ ಮಿದುಳು ಸುಮ್ಮನಿರುವುದಿಲ್ಲ, ಗಾಡಿ ನಿಂತುಹೋದೀತು ಎಂದು ಆಕ್ಸಿಲರೇಟರನ್ನು ಇನ್ನಷ್ಟು ತುಳಿಯುತ್ತದೆ. ವರ್ಷಗಟ್ಟಲೆ ಹೀಗೆ ಎರಡನ್ನೂ ತುಳಿದುಕೊಂಡು ಓಡಿದ ಗಾಡಿಯಲ್ಲಿ ಒಂದು ದಿನ ಬ್ರೇಕಿನಿಂದ ಕಾಲು ತೆಗೆದುಬಿಟ್ಟರೆ? ಆ ನಡುಕ ಅದೇ. ಕೆಲವರಿಗೆ ಫಿಟ್ಸ್ ಬರುತ್ತದೆ, ಇಲ್ಲದ್ದೆಲ್ಲ ಕಾಣಿಸುತ್ತದೆ. ಬಹಳ ವರ್ಷ ಕುಡಿದವರು ಬಿಡಲೇಬೇಕು, ಆದರೆ ಡಾಕ್ಟರನ್ನು ಕಂಡು ಬಿಡಬೇಕು.

ಇನ್ನೊಂದು ವಿಷಯ. ಮಿದುಳು ಅನ್ನದಿಂದ ಬಂದ ಸಕ್ಕರೆಯನ್ನು ಉರಿಸಿ ಬದುಕುತ್ತದೆ. ಉರಿ ಹತ್ತಲು ಬಿ-ಒನ್ ಅನ್ನುವ ವಿಟಮಿನ್ ಬೇಕು. ಬ್ಯಾರನ್ನಿನ ಮುಂದೆ ಸೌದೆ ಒಟ್ಟಿದ್ದು ಬೆಂಕಿಪೊಟ್ಟಣ ಇಲ್ಲದಿದ್ದರೆ ಏನಾಗುತ್ತದೆ? ಕುಡಿತ ಆ ಬೆಂಕಿಪೊಟ್ಟಣವನ್ನು ದಿನಾ ಸ್ವಲ್ಪ ಸ್ವಲ್ಪ ಖಾಲಿ ಮಾಡುತ್ತಿರುತ್ತದೆ. ಅದರ ಮೇಲೆ ಊಟವೂ ನಿಂತರೆ, ಎರಡು ಮೂರು ವಾರದೊಳಗೆ ಕಡ್ಡಿ ಮುಗಿಯುತ್ತದೆ.

ಒಪ್ಪೊತ್ತಿನ ಸ್ವಾಮಿಗೆ ಆ ಸಲ ಉಂಡದ್ದು ದಕ್ಕುತ್ತಿರಲಿಲ್ಲ. ಅರ್ಧ ಅನ್ನ ವಾಂತಿಯಾಗುತ್ತಿತ್ತು. ವ್ರತ ಕಠಿಣವಾಗಿದೆ ಎಂದು ಎಲ್ಲರೂ ಮೆಚ್ಚಿಕೊಂಡರು.

೪

ಹದಿಮೂರನೆಯ ದಿನ, ಭಜನೆಯ ಚಪ್ಪರದಲ್ಲಿ ಮಂಗಳಾರತಿ ತಟ್ಟೆ ಹಿಡಿದ ಚೆಲುವರಾಜು ತೂರಾಡಿದ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಆಮೇಲೆ ತಟ್ಟೆಯ ಸಮೇತ ಕೆಳಕ್ಕೆ. ಗುರುಸ್ವಾಮಿ ಮುದ್ದಯ್ಯ, ಹದಿನೆಂಟು ವರ್ಷ ಬೆಟ್ಟ ಹತ್ತಿದ ಹಿರಿಯ, ಬಗ್ಗಿ ಅವನ ಮುಖ ನೋಡಿದ. ಕಣ್ಣು ನಿಲ್ಲುತ್ತಿಲ್ಲ, ಮಾತು ತೊದಲುತ್ತಿದೆ. ಆ ಊರಿನಲ್ಲಿ ಇದಕ್ಕೆ ಇರುವ ಅರ್ಥ ಒಂದೇ. ಮಾಲೆಯಲ್ಲಿದ್ದು ಕುಡಿದಿದ್ದಾನೆ.

ಮುದ್ದಯ್ಯ ಎಲ್ಲರ ಎದುರಿಗೆ ಅವನ ಕೊರಳಿನ ಮಾಲೆ ತೆಗೆಸಿದ. ಚೆಲುವರಾಜು ನೆಲದ ಮೇಲಿನಿಂದಲೇ ಹೇಳುತ್ತಿದ್ದ: "ಕುಡ್ದಿಲ್ಲ ಕಣ್ರಪ್ಪಾ."

(ಇಲ್ಲಿ ನಾನು ಮುದ್ದಯ್ಯನನ್ನು ಖಳನಾಯಕ ಮಾಡಿ ಒಂದೂವರೆ ಪುಟ ಬರೆದಿದ್ದೆ. ದಪ್ಪ ಮೀಸೆ ಕೊಟ್ಟಿದ್ದೆ, ಒಂದು ಹಳೇ ದ್ವೇಷವನ್ನೂ ಕೊಟ್ಟಿದ್ದೆ. ರುಕ್ಮಿಣಮ್ಮ ಆ ಹಾಳೆ ತೆಗೆದುಕೊಂಡು ಹೊಗೆಸೊಪ್ಪಿನ ಅಂಟು ಒರೆಸಿಕೊಂಡಳು. "ಅವ್ರ ಮ್ಯಾಲೆ ಆಕ್ಬೇಡಿ ಮೇಷ್ಟ್ರೇ. ಮಾಲೆ ತೆಗ್ಸಿದ್ದು ಅವ್ರು. ತಟ್ಟೆ ಆಚೆ ಇಟ್ಟೋಳು ನಾನು.")

ತಟ್ಟೆ ಅಂದರೆ ಊಟದ ತಟ್ಟೆ. ಅವತ್ತು ನಾಲ್ಕು ಜನ ಅವನನ್ನು ಹೊತ್ತು ತಂದು ಜಗುಲಿಯ ಮೇಲೆ ಮಲಗಿಸಿ ಹೋದರು. ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡಿದರು. ಅವನು ದಿನಾ ಕುಡಿದು ಬಂದಾಗ ಆಗದ ಅವಮಾನ ಅವತ್ತು ಅವಳಿಗೆ ಆಯಿತು. ತನ್ನ ಸ್ವಾಮಿಯನ್ನು ಇವನೇ ಕೊಂದ ಅನ್ನಿಸಿತು. ಒಳಗಿನಿಂದ ಅವನ ತಟ್ಟೆ ತಂದು ಜಗುಲಿಯ ಮೂಲೆಯಲ್ಲಿ ಇಟ್ಟಳು. ಇನ್ನು ಮೇಲೆ ಅದರ ಜಾಗ ಅದೇ. ಹೊತ್ತಿಗೆ ಒಂದಿಷ್ಟು ಅನ್ನ ಸುರಿಯುತ್ತಿದ್ದಳು, ಉಂಡನೋ ಬಿಟ್ಟನೋ ತಿರುಗಿ ನೋಡುತ್ತಿರಲಿಲ್ಲ, ಮಾತಂತೂ ಇಲ್ಲವೇ ಇಲ್ಲ.

ಹೀಗೆ ಎಂಟು ದಿನ. ಆ ಎಂಟು ದಿನವೂ ಅವನು ಗೋಡೆ ಹಿಡಿದು ತೂರಾಡಿದ. ಒಂದು ಮಧ್ಯಾಹ್ನ ಅವಳ ಕಡೆ ನೋಡಿ, "ಎಲ್ಡೆಲ್ಡು ರುಕ್ಕಿ ಕಾಣ್ತಾವ್ರೆ" ಎಂದ. ಆ ಎಂಟು ದಿನದಲ್ಲಿ ಅವಳು ಬಾಯಿ ಬಿಟ್ಟದ್ದು ಆಗ ಒಂದೇ ಸಲ. "ಒಬ್ಬಳ್ನೇ ಬಾಳ್ಸಕ್ಕಾಗ್ನಿಲ್ಲ, ಇಬ್ಬರ್ನ ಇಟ್ಕಂಡು ಏನ್ ಮಾಡೀಯ?" ಎಂದು ಒಳಗೆ ಹೋದಳು. ಹಿಂದಿನಿಂದ ಅವನು ಹೇಳಿದ್ದು ಕೇಳಿಸಿತು. "ಕುಡ್ದಿಲ್ಲ ಕಣಮ್ಮಿ."

ಇಪ್ಪತ್ತಾರು ವರ್ಷ ಸುಳ್ಳಾಗಿದ್ದ ಮಾತು ಆ ಎಂಟು ದಿನ ಮಾತ್ರ ನಿಜವಾಗಿತ್ತು.

೫

ಒಂಬತ್ತನೆಯ ದಿನ ಹುಣಸೂರಿನಿಂದ ಮಗಳು ರೂಪಶ್ರೀ ಬಂದಳು. ಅಪ್ಪನನ್ನು ಬೈಯಲೆಂದೇ ಬಂದವಳು ಹತ್ತಿರ ಕೂತು, ಬಾಯಿಯ ಹತ್ತಿರ ಮೂಗು ತಂದಳು. "ಅವ್ವಾ, ವಾಸ್ನೆನೇ ಇಲ್ವಲ್ಲ," ಎಂದಳು. ರುಕ್ಮಿಣಮ್ಮ ಆ ಎಂಟು ದಿನದಲ್ಲಿ ಅಷ್ಟು ಹತ್ತಿರ ಹೋಗಿಯೇ ಇರಲಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಶ್ಯಾಮಲಾ ಅವನ ಕಣ್ಣಿಗೆ ಬೆರಳು ತೋರಿಸಿ ಅತ್ತಿತ್ತ ಆಡಿಸಿದರು. ಎಷ್ಟು ದಿನದಿಂದ ಹೀಗಿದ್ದಾರೆ ಎಂದು ಕೇಳಿದರು. ರುಕ್ಮಿಣಮ್ಮ ಎಂಟು ದಿನ ಎಂದಳು. ಡಾಕ್ಟರು ಬರೆಯುತ್ತಿದ್ದ ಕೈ ಒಂದು ಗಳಿಗೆ ನಿಲ್ಲಿಸಿ, ಮತ್ತೆ ಬರೆದರು. ಆ ಒಂದು ಗಳಿಗೆಯನ್ನು ರುಕ್ಮಿಣಮ್ಮ ಇವತ್ತಿಗೂ ಮರೆತಿಲ್ಲ.

ತೂರಾಟಕ್ಕೆ ಕಾರಣ ಆ ವಿಟಮಿನ್ ಮುಗಿದದ್ದು ಎಂದು ಬಿ-ಒನ್ ಇಂಜೆಕ್ಷನ್ ಕೊಟ್ಟರು. ಎರಡು ದಿನದಲ್ಲಿ ಕಣ್ಣು ಸರಿಹೋಯಿತು, ಕೆಲವು ವಾರಗಳಲ್ಲಿ ಕಾಲು ಮುಕ್ಕಾಲು ಪಾಲು ಸರಿಹೋಯಿತು. ನೆನಪಿನ ಭಾಗ ಸರಿಹೋಗಲಿಲ್ಲ. ಮೊದಲ ದಿನವೇ ಬಂದಿದ್ದರೆ ಇಷ್ಟಾಗುತ್ತಿತ್ತೇ ಎಂದು ಅವಳು ಕೇಳಿದಳು. ಬಂದಿದ್ದರೆ ಒಳ್ಳೆಯದಿತ್ತು, ಆದರೆ ಕುಡಿಯದೆ ತೂರಾಡುತ್ತಾರೆ ಎಂದು ಯಾರಿಗೆ ತಾನೇ ಹೊಳೆಯುತ್ತದೆ, ಎಂದು ಡಾಕ್ಟರು ಅವಳ ಕೈ ಹಿಡಿದುಕೊಂಡರು.

೬

ಈಗ ಚೆಲುವರಾಜು ಹಳೆಯದೆಲ್ಲ ಹೇಳುತ್ತಾನೆ. ಮದುವೆಯ ದಿನ ಯಾರ ಚಪ್ಪಲಿ ಕಳೆದಿತ್ತು ಅನ್ನುವುದೂ ಗೊತ್ತು. ಬೆಳಿಗ್ಗೆ ಏನು ತಿಂದ ಎಂದು ಕೇಳಿದರೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ಅವನು ಹೇಳುವುದೂ ಇಲ್ಲ. ಖಾಲಿ ಬಿದ್ದ ಜಾಗಕ್ಕೆ ಅವನ ಮಿದುಳು ತಾನೇ ಏನನ್ನೋ ತಂದು ತುಂಬುತ್ತದೆ. ಕೆ.ಆರ್. ನಗರದಲ್ಲಿ ಬೀಗರ ಮನೆಯಲ್ಲಿ ಒಬ್ಬಟ್ಟು ತಿಂದೆ ಎನ್ನುತ್ತಾನೆ, ಹೊಸಿಲು ದಾಟಿರುವುದಿಲ್ಲ.

ರುಕ್ಮಿಣಮ್ಮ ಮೊದಲು ಕುದಿದುಹೋದಳು. ಕುಡಿತ ಬಿಟ್ಟರೂ ಸುಳ್ಳು ಬಿಡಲಿಲ್ಲವಲ್ಲ ಎಂದು. ಅದು ಸುಳ್ಳಲ್ಲ ಎಂದು ಡಾಕ್ಟರು ತಿಳಿಸಿ ಹೇಳಿದರು. ಸುಳ್ಳು ಹೇಳುವವನಿಗೆ ನಿಜ ಗೊತ್ತಿರುತ್ತದೆ. ಇವರಿಗೆ ಗೊತ್ತಿಲ್ಲ, ತಮ್ಮ ಮಾತನ್ನು ತಾವು ಪೂರ್ತಿ ನಂಬುತ್ತಾರೆ ಎಂದರು. (ಇದು ನನ್ನ ಕಸುಬಿಗೆ ಬಹಳ ಹತ್ತಿರ ಬಂತು. ಅವನಿಗೆ ಹೊಳೆಯುವಷ್ಟು ನನಗೆ ಹೊಳೆದಿದ್ದರೆ ಶಶಿ ಐದು ತಿಂಗಳು ಕಾಯಬೇಕಾಗಿರಲಿಲ್ಲ.)

ಆದರೆ ಕೈ ಏನನ್ನೂ ಮರೆತಿಲ್ಲ. ಮಿದುಳಿನಲ್ಲಿ ಕೈಗಲಿತ ಕೆಲಸ ಇರುವ ಜಾಗ ಬೇರೆ, ನೆನ್ನೆ ಮೊನ್ನೆಯದು ಇರುವ ಜಾಗ ಬೇರೆ. ಸೊಪ್ಪಿನ ರಾಶಿಯ ಮುಂದೆ ಕೂರಿಸಿದರೆ ಇವತ್ತಿಗೂ ಅವನು ಗ್ರೇಡು ತಪ್ಪುವುದಿಲ್ಲ. ನಿಂಬೆಹಣ್ಣಿನ ಬಣ್ಣದ್ದು ಇತ್ತ, ಕಿತ್ತಳೆಯದು ಅತ್ತ, ಕಂದು ತಿರುಗಿದ್ದು ಹಿಂದಕ್ಕೆ.

ಮಧ್ಯಾಹ್ನ ಊಟವಾದ ಮೇಲೆ ಅವನು ಹೀಗೆ ಕೂತಾಗ ರುಕ್ಮಿಣಮ್ಮ ಪಕ್ಕದಲ್ಲಿ ಕೂತು, ದಿನಾ, ಒಂದೇ ವಿಷಯ ಹೇಳುತ್ತಾಳೆ. ನೀವು ಕುಡಿದಿರಲಿಲ್ಲ. ನಾನು ನಂಬಲಿಲ್ಲ. ಎಂಟು ದಿನ ತಟ್ಟೆ ಆಚೆ ಇಟ್ಟೆ. ತಪ್ಪಾಯ್ತು.

ಅವನು ದಿನಾ ಮೊದಲ ಸಲ ಕೇಳಿದವನಂತೆ ಕೇಳುತ್ತಾನೆ. ಆಮೇಲೆ ಅವಳಿಗೇ ಸಮಾಧಾನ ಹೇಳುತ್ತಾನೆ. ಎಲ್ಲಿ ತಪ್ಪು, ನೀನು ಮೊದಲ ದಿನವೇ ನನ್ನನ್ನು ಬೆನ್ನ ಮೇಲೆ ಹೊತ್ತು ಬಸ್ಸು ಹತ್ತಿಸಿದೆಯಲ್ಲ, ಎನ್ನುತ್ತಾನೆ. ಇನ್ನೊಂದು ದಿನ, ಎಂಟು ದಿನವೂ ಕೈತುತ್ತು ಹಾಕಿದೆ, ಎನ್ನುತ್ತಾನೆ. ಒಂದು ದಿನವಂತೂ ಅವಳು ಕಾಕನಕೋಟೆಯಿಂದ ಆನೆ ತರಿಸಿ ಅದರ ಮೇಲೆ ಅವನನ್ನು ಮೈಸೂರಿಗೆ ಕಳಿಸಿದ್ದಳು. ಎಲ್ಲದರಲ್ಲೂ ಅವಳು ಒಳ್ಳೆಯವಳೇ. ಅವನ ಮಿದುಳು ಎಷ್ಟೇ ಹುಡುಕಿದರೂ ತಟ್ಟೆ ಆಚೆ ಇಡುವ ರುಕ್ಕಿ ಅವನಿಗೆ ಸಿಗುವುದಿಲ್ಲ.

ಅವನು ಕ್ಷಮಿಸುತ್ತಾನೆ, ಮಾರನೆಯ ದಿನಕ್ಕೆ ಅದು ಉಳಿದಿರುವುದಿಲ್ಲ. ಮತ್ತೆ ಕೇಳಬೇಕು.

೭

ಇನ್ನು ಮುಕ್ತಾಯ. ಎರಡು ಬರೆದೆ.

ಮೊದಲನೆಯದರಲ್ಲಿ ಚೆಲುವರಾಜುವಿಗೆ ಒಂದು ಬೆಳಿಗ್ಗೆ ನೆನಪು ಮರಳುತ್ತದೆ, ತಟ್ಟೆಯೂ ನೆನಪಾಗುತ್ತದೆ, ಆದರೂ ಕ್ಷಮಿಸುತ್ತಾನೆ. ರುಕ್ಮಿಣಮ್ಮ ಅದನ್ನು ಎರಡು ಸಲ ಓದಿಸಿ ಕೇಳಿಸಿಕೊಂಡಳು. ಬರುವಷ್ಟು ನೆನಪು ಈಗಾಗಲೇ ಬಂದಾಗಿದೆ, ಇನ್ನು ಬಾರದು ಎಂದು ಡಾಕ್ಟರು ಹೇಳಿದ್ದಾರೆ. "ಬಂದ್ರೆ ಬರ್ಲಿ, ಬೈಸ್ಕತೀನಿ. ನೀವು ಬರುದ್ರಿ ಅಂತ ಬರೋದು ಬ್ಯಾಡ," ಎಂದಳು. ಹರಿದುಹಾಕಿದೆ.

ಎರಡನೆಯದು ನನಗೆ ಬಹಳ ಇಷ್ಟವಾಗಿತ್ತು. ಅದರಲ್ಲಿ ಅವಳು ತಪ್ಪೊಪ್ಪಿಕೊಳ್ಳುವುದನ್ನು ನಿಲ್ಲಿಸಿ, ಅವನ ಕಥೆಯನ್ನೇ ತನ್ನದು ಮಾಡಿಕೊಳ್ಳುತ್ತಾಳೆ. ಹೌದು, ಬೆನ್ನ ಮೇಲೆ ಹೊತ್ತೆ. ಹೌದು, ಆನೆ ತರಿಸಿದೆ. ಇಬ್ಬರೂ ನೆಮ್ಮದಿಯಾಗಿರುತ್ತಾರೆ. ಓದಿ ಮುಗಿಸಿ ಹೊಗಳಿಕೆಗೆ ಕಾದೆ. ಅವಳ ಕಣ್ಣು ಕೆಂಪಾಗಿತ್ತು.

"ಅವ್ರು ನಿಜ ಯೋಳುದ್ರೆ ಊರೋರೆಲ್ಲ ಸುಳ್ಳು ಅಂದ್ರು. ಈಗ ನಾನೂ ಸುಳ್ಳೇ ಇಟ್ಕಂಡು ಕೂತ್ಕಂಡ್ರೆ, ಆ ಎಂಟ್ ದಿನ ಅವ್ರು ಕುಡ್ದಿರ್ನಿಲ್ಲ ಅಂತ ಯೋಳೋರು ಯಾರವ್ರೆ ಮೇಷ್ಟ್ರೇ? ಅವ್ರಿಗೇ ಗೊತ್ತಿಲ್ಲ."

ಅದನ್ನೂ ಹರಿದುಹಾಕಿದೆ. ದಿನಾ ಅವಳು ಕೇಳುತ್ತಿದ್ದದ್ದು ಬರೀ ಕ್ಷಮೆ ಎಂದು ನಾನು ತಿಳಿದಿದ್ದೆ. ತನ್ನ ಗಂಡ ಕುಡಿಯದೆ ಗೆದ್ದದ್ದನ್ನು ಅವಳೊಬ್ಬಳೇ ನೆನಪಿಟ್ಟುಕೊಂಡಿದ್ದಾಳೆ, ಅದನ್ನು ದಿನಾ ಅವನಿಗೇ ಹೋಗಿ ಮುಟ್ಟಿಸುತ್ತಿದ್ದಾಳೆ. ಉದಾಹರಣೆ ಹುಡುಕಿಕೊಂಡು ಹೊರಟವನಿಗೆ ಇದು ಕಾಣಲಿಲ್ಲ.

ನಾವು ಹೀಗೆ ವಾದ ಮಾಡುತ್ತಿದ್ದಾಗ ನಡೆದದ್ದು ಮುಂದಿನದು. ಇದನ್ನು ನಾನು ಕಟ್ಟಿದ್ದಲ್ಲ.

ಮಧ್ಯಾಹ್ನ. ಊಟವಾಗಿತ್ತು. ಚೆಲುವರಾಜು ಸೊಪ್ಪಿನ ಮುಂದೆ ಕೂತಿದ್ದ. ಅವನ ಹಿಂದೆ ಗೋಡೆಯ ಮೊಳೆಗೆ ಆ ಮಾಲೆ ನೇತುಬಿದ್ದಿತ್ತು. ಹೋದ ವರ್ಷ ಮುದ್ದಯ್ಯ ತಾನೇ ಬಂದು ಅಲ್ಲಿ ಹಾಕಿ ಹೋಗಿದ್ದ. ರುಕ್ಮಿಣಮ್ಮ ಪಕ್ಕದಲ್ಲಿ ಕೂತು ದಿನದ ಮಾತು ಶುರು ಮಾಡಬೇಕು, ಅಷ್ಟರಲ್ಲಿ ಅವನು ಕೈಯಲ್ಲಿದ್ದ ಎಲೆಯನ್ನು ಹಾಗೇ ಹಿಡಿದು ಅವಳ ಮುಖ ನೋಡಿದ.

"ಕುಡ್ದಿಲ್ಲ ಕಣಮ್ಮಿ," ಎಂದ.

ನೆನಪಾಯಿತೋ, ಇಪ್ಪತ್ತಾರು ವರ್ಷದ ಬಾಯಿಪಾಠ ತಾನಾಗಿ ಬಂತೋ? ಅವಳು ದಿನಾ ಹೇಳಿದ್ದು ಎಲ್ಲೋ ಒಂದಿಷ್ಟು ನಿಂತಿದೆಯೋ? ಮಾತು ಮರೆತವರಲ್ಲೂ ಮಾತಿನ ಹಿತ ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದುಂಟು. ನನಗೆ ಗೊತ್ತಿಲ್ಲ. ನಾನು ಬರೆಯುವವನಾದರೂ ಅವನ ತಲೆಯೊಳಗೆ ಹೋಗಲು ನನ್ನಿಂದ ಆಗಲಿಲ್ಲ.

ರುಕ್ಮಿಣಮ್ಮನಿಗೆ ಈ ಪ್ರಶ್ನೆಗಳು ಯಾವುವೂ ಏಳಲಿಲ್ಲ. ಕೈಯ ಅಂಟನ್ನು ಸೆರಗಿಗೆ ಒರೆಸಿಕೊಂಡಳು.

"ಗೊತ್ತು ಸ್ವಾಮಿ," ಎಂದಳು.

ಅವನು ತಲೆಯಾಡಿಸಿ, ಎಲೆಯನ್ನು ಅದರ ಜಾಗಕ್ಕೆ ಹಾಕಿದ. ಆಮೇಲೆ ಇನ್ನೂ ಊಟ ಆಗಲಿಲ್ಲವಲ್ಲ ಎಂದ. ಆಗಿದೆ ಎಂದು ಅವಳು ಹೇಳಲಿಲ್ಲ, ಆಗಿಲ್ಲ ಎಂದೂ ಹೇಳಲಿಲ್ಲ. ಕೈಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋಗಿ, ಅಡಿಗೆಮನೆಯಲ್ಲಿ ತನ್ನ ಎದುರಿಗೇ ಅವನ ತಟ್ಟೆ ಹಾಕಿ, ಒಂದು ಹಿಡಿ ಅನ್ನ ಬಡಿಸಿದಳು.

ಇಲ್ಲಿ ಮುಗಿಸಿದರೆ ಚೆನ್ನಾಗಿರುತ್ತದೆ ಎಂದು ನನಗೂ ಗೊತ್ತು. "ಮುಗೀತು" ಎಂದು ಬರೆದೂ ಬಿಟ್ಟಿದ್ದೆ. ರುಕ್ಮಿಣಮ್ಮ ಅಡಿಗೆಮನೆಯಿಂದಲೇ ಕೂಗಿ ಅದನ್ನು ಹೊಡೆಸಿಹಾಕಿದಳು. ನಾಳೆ ಮಧ್ಯಾಹ್ನ ಅವನಿಗೆ ಇದ್ಯಾವುದೂ ನೆನಪಿರುವುದಿಲ್ಲ, ತಾನು ಮತ್ತೆ ಹೇಳಬೇಕು, ಮುಗಿದರೆ ಹೇಗೆ ಎಂದು ಕೇಳಿದಳು. ಶಶಿಗೆ ಫೋನು ಮಾಡಿ ನಾಲ್ಕು ಪುಟ ಮೀರಿದೆ, ಕೊನೆ ಇಲ್ಲ ಎಂದೆ. ಹೊರಗೆ ಜಗುಲಿಯ ಮೇಲೆ ಸೊಪ್ಪಿನ ರಾಶಿ ಇನ್ನೂ ಅರ್ಧದಷ್ಟು ಹಾಗೇ ಇದೆ.